ಒಳಗಿನವರಿಗೆ ಬಂದ ಎಚ್ಚರ

ಬಳ್ಳಾರಿಯಲ್ಲೋ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಚರ್ಚಿನ ಗೇಟಿಗೆ ಕಟ್ಟಿದ ಬ್ಯಾನರಿನ ಮೇಲೆ ‘ಉಜ್ಜೀವನ ಕೂಟ’ ಎಂಬ ಮಾತನ್ನು ಅನೇಕರು ಓದಿರುತ್ತಾರೆ. ಮೂರು ದಿನದ ಕಾರ್ಯಕ್ರಮ, ಸಂಜೆ ಹೊತ್ತು, ಬೇರೆ ಊರಿನಿಂದ ಬಂದ ಬೋಧಕರು, ಕೀಬೋರ್ಡು, ಡ್ರಮ್ಸು, ಕೊನೆಯ ದಿನ ಪ್ರೀತಿ ಭೋಜನ. ಅಹಮದಾಬಾದ್, ವಡೋದರ, ಸೂರತ್‌ಗಳ ಗುಜರಾತಿ ಕ್ರೈಸ್ತರು ಇದೇ ಸಂಗತಿಯನ್ನು ‘ಆತ್ಮಿಕ ಜಾಗೃತಿ’ ಎನ್ನುತ್ತಾರೆ.

ಎರಡು ಪದಗಳೂ ಒಂದೇ ಅನುಭವವನ್ನು ಎರಡು ಕಡೆಯಿಂದ ಹಿಡಿಯುತ್ತವೆ. ಉಜ್ಜೀವನವೆಂದರೆ ಬಾಡಿದ್ದು ಮತ್ತೆ ಚಿಗುರುವುದು. ಜಾಗೃತಿಯೆಂದರೆ ಮಲಗಿದ್ದವರು ಏಳುವುದು. ಬೇರಿದ್ದರೆ ತಾನೆ ಚಿಗುರು? ಹಾಗಾಗಿ ಈ ಮಾತು ಮೊದಲು ಸಲ್ಲುವುದು ಈಗಾಗಲೇ ನಂಬಿದವರಿಗೆ: ದೀಕ್ಷಾಸ್ನಾನ ಪಡೆದು, ಭಾನುವಾರ ತಪ್ಪದೆ ಬೆಂಚಿನಲ್ಲಿ ಕೂತು, ಕಾಣಿಕೆಯನ್ನೂ ಹಾಕಿ, ಒಳಗೆ ಮಾತ್ರ ಆರಿಹೋದವರಿಗೆ. ಹೊರಗಿನವರಿಗೆ ಯೇಸುವಿನ ವಿಷಯ ಹೇಳುವ ಕೆಲಸಕ್ಕೆ ಕ್ರೈಸ್ತರಲ್ಲಿ ಬೇರೆಯೇ ಹೆಸರಿದೆ, ಸುವಾರ್ತಾ ಸೇವೆ. ಇವೆರಡನ್ನೂ ಒಂದೇ ಎಂದು ಎಣಿಸಿದ್ದರಿಂದ ಸಭೆಯ ಒಳಗೂ ಹೊರಗೂ ಬಹಳ ಗೊಂದಲವಾಗಿದೆ. ಆ ಗೊಂದಲ ಬಿಡಿಸಿಕೊಳ್ಳಲು ಗುಜರಾತಿನ ಕ್ರೈಸ್ತ ಚರಿತ್ರೆ ಒಳ್ಳೆಯ ದಾರಿ. ಕನ್ನಡಿಗರಿಗೆ ಇನ್ನೊಂದು ಕಾರಣಕ್ಕೂ ಅದು ಹತ್ತಿರದ್ದು: ಆ ಚರಿತ್ರೆಯ ಎರಡು ಮುಖ್ಯ ಎಳೆಗಳು ಕರ್ನಾಟಕದ ನೆಲದಿಂದ ಹೊರಟಿವೆ.

ಬೈಬಲಿನಲ್ಲಿ ಉಜ್ಜೀವನದ ಚಿತ್ರಗಳು ಹಲವು. ಪ್ರವಾದಿ ಯೆಹೆಜ್ಕೇಲನ ದರ್ಶನದಲ್ಲಿ ಕಣಿವೆಯ ತುಂಬ ಒಣ ಎಲುಬು. ಅವುಗಳ ಮೇಲೆ ನರ, ಮಾಂಸ, ಚರ್ಮ ಬಂದು ಕೊನೆಗೆ ಉಸಿರು ತುಂಬುತ್ತದೆ. ಅರಸ ಯೋಷೀಯನ ಕಾಲದಲ್ಲಿ ದೇವಾಲಯದ ದುರಸ್ತಿ ನಡೆದಿರುವಾಗ, ಮರೆತೇ ಹೋಗಿದ್ದ ಧರ್ಮಶಾಸ್ತ್ರದ ಗ್ರಂಥ ಸಿಗುತ್ತದೆ. ಓದಿಸಿ ಕೇಳಿದ ಅರಸ ದುಃಖದಿಂದ ಬಟ್ಟೆ ಹರಿದುಕೊಳ್ಳುತ್ತಾನೆ. ಸೆರೆಯಿಂದ ಮರಳಿದ ಜನರ ಮುಂದೆ ಯೆರೂಸಲೇಮಿನಲ್ಲಿ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಶಾಸ್ತ್ರ ಓದುತ್ತಾನೆ, ಜನ ಕೇಳಿ ಅಳುತ್ತಾರೆ.

ಈ ಓದಿನ ಪ್ರಸಂಗ ಬರುವ ನೆಹೆಮೀಯನ ಪುಸ್ತಕದಲ್ಲೇ, ಕೆಲವು ಪುಟ ಹಿಂದೆ, ಅಷ್ಟಾಗಿ ಬೋಧನೆಗೆ ಬಾರದ ಇನ್ನೊಂದು ಪ್ರಸಂಗವಿದೆ. ಬರಗಾಲದಲ್ಲಿ ಬಡವರು ಹೊಲ, ದ್ರಾಕ್ಷಿತೋಟ, ಮನೆಗಳನ್ನು ತಮ್ಮವರೇ ಆದ ಸಿರಿವಂತರ ಬಳಿ ಒತ್ತೆಯಿಟ್ಟು, ಮಕ್ಕಳನ್ನೂ ಜೀತಕ್ಕೆ ಕಳಿಸಿದ್ದಾರೆ. ನೆಹೆಮೀಯ ಸಿಟ್ಟಾಗಿ, ಬಡ್ಡಿ ನಿಲ್ಲಿಸಿ ಎಲ್ಲವನ್ನೂ ಅಂದೇ ಬಿಟ್ಟುಕೊಡಬೇಕೆಂದು ಆಣೆ ಹಾಕಿಸುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯನ ಕಥೆಯೂ ಇದೇ ದಾರಿಯದು. ಯೇಸು ತನ್ನ ಮನೆಗೆ ಬಂದ ದಿನ ಆತ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡಲು ಮುಂದಾಗುತ್ತಾನೆ. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವುದಾಗಿ ಹೇಳುತ್ತಾನೆ. ಕಣ್ಣೀರಿನ ಜೊತೆಗೆ ಲೆಕ್ಕವೂ ಚುಕ್ತಾ ಆಗುವುದು. ಕನ್ನಡ ಕ್ರೈಸ್ತರ ಬಾಯಲ್ಲಿ ಇದಕ್ಕೆ ತುಂಬ ಸರಿಯಾದ ಪದವಿದೆ: ಮಾನಸಾಂತರ.

ಗುಜರಾತಿನಲ್ಲಿ ಈ ಕಥೆ ಸೂರತ್‌ನಿಂದ ಶುರುವಾಗುತ್ತದೆ. 17ನೇ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಕೋಠಿ ತೆರೆಯಿತು. ಆ ವ್ಯಾಪಾರಿಗಳ ಗೋರಿಗಳು ಈಗಲೂ ಊರಿನಲ್ಲಿವೆ. ಮೊಗಲರ ಸಮಾಧಿಗಳಿಗೆ ಸಾಟಿಯಾಗಬೇಕೆಂಬಂತೆ ಕಟ್ಟಿಸಿಕೊಂಡ ಗುಮ್ಮಟಗಳು, ಕಂಬಗಳು. ಆಕ್ಸೆಂಡನ್ ಸಹೋದರರ ಸಮಾಧಿ ಅವುಗಳಲ್ಲಿ ಹೆಸರಾದದ್ದು. ಇಂಥ ಕಲ್ಲಿನ ವೈಭವ ಎದ್ದು ನಿಂತ ಎಷ್ಟೋ ಕಾಲದ ಮೇಲೂ ಬೈಬಲಿನ ಪುಸ್ತಕ ಗುಜರಾತಿ ಓದುಗರ ಕೈಗೆ ಬಂದಿರಲಿಲ್ಲ. 1815ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜೇಮ್ಸ್ ಸ್ಕಿನ್ನರ್ ಮತ್ತು ವಿಲಿಯಂ ಫೈವಿ ಸೂರತ್‌ಗೆ ಬಂದು ನೆಲೆಸಿ ಭಾಷೆ ಕಲಿತರು, ಮುದ್ರಣಾಲಯ ಹಾಕಿದರು, 1820ರ ದಶಕದ ಮೊದಲ ವರ್ಷಗಳಲ್ಲಿ ಗುಜರಾತಿ ಬೈಬಲನ್ನು ಹೊರತಂದರು.

ಬಳ್ಳಾರಿಯ ಎಳೆ ಇಲ್ಲಿ ಸೇರುತ್ತದೆ. ಅದೇ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತರುತ್ತಿದ್ದ ದಿನಗಳವು. ಅವರ ಸಹಾಯಕ ಜೋಸೆಫ್ ಟೇಲರ್ ಮುಂದೆ ಬೆಳಗಾವಿಯ ಮಿಷನ್ನನ್ನು ಕಟ್ಟಿದವರು. ಟೇಲರ್ ಅವರಿಗೆ 1820ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ಮಗ ಜೋಸೆಫ್ ವಾನ್ ಸೋಮೆರೆನ್ ಟೇಲರ್. ಈ ಮಗ 1840ರ ದಶಕದಲ್ಲಿ ವಡೋದರಕ್ಕೆ ಹೋದರು. ಮಹೀ ನದಿಯ ದಂಡೆಯ ಹಳ್ಳಿಗಳಲ್ಲಿ, ಬೋರ್ಸದ್ ಸುತ್ತಮುತ್ತ ದುಡಿದರು. 1861ರ ಅವರ ಬೈಬಲ್ ಅನುವಾದ ಗುಜರಾತಿ ಪ್ರಾಟೆಸ್ಟೆಂಟರ ಓದಿಗೆ ಅಡಿಪಾಯವಾಯಿತು. 1867ರಲ್ಲಿ ಅವರು ಹೊರತಂದ ವ್ಯಾಕರಣದಿಂದಾಗಿ ಗುಜರಾತಿನ ಪಂಡಿತರು ಅವರನ್ನು ಗುಜರಾತಿ ವ್ಯಾಕರಣದ ಪಿತಾಮಹ ಎಂದೇ ಕರೆದರು. ಅವರು ಮಾಡಿದ ಇನ್ನೊಂದು ಕೆಲಸವೆಂದರೆ ಕ್ರೈಸ್ತ ಹಾಡುಗಳನ್ನು ಗುಜರಾತಿ ಛಂದಸ್ಸು, ಧಾಟಿಗಳಿಗೆ ಕಟ್ಟಿ ‘ಕಾವ್ಯಾರ್ಪಣ’ವೆಂಬ ಸಂಗ್ರಹ ಕೊಟ್ಟದ್ದು. ಇಂಗ್ಲಿಷ್ ರಾಗಕ್ಕೆ ನಾಲಿಗೆ ತಿರುಚಿಕೊಂಡು ಹಾಡುವವನಿಗೆ ಪಶ್ಚಾತ್ತಾಪವೂ ಪರಭಾಷೆಯಲ್ಲೇ ಬರಬೇಕಾಗುತ್ತದೆ. ತನ್ನ ಅವ್ವನ ಮಾತಿನಲ್ಲಿ, ತನ್ನ ಊರಿನ ಭಜನೆಯ ಮಟ್ಟಿನಲ್ಲಿ ಹಾಡು ಬಂದಾಗ ಅದು ಎದೆಗೆ ನೇರ ಇಳಿಯುತ್ತದೆ. ಭಾಷೆಯ ಈ ನೆಲ ಹದವಾಗದೆ ಯಾವ ಉಜ್ಜೀವನವೂ ಬೇರೂರದು.

ಗುಜರಾತಿನ ಹಳೆಯ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಹೆಚ್ಚಿನವಕ್ಕೆ ತವರು ಐರ್ಲೆಂಡ್. 1840ರ ಜುಲೈ 10ರಂದು ಬೆಲ್‌ಫಾಸ್ಟಿನಲ್ಲಿ ಐರಿಷ್ ಪ್ರೆಸ್ಬಿಟೇರಿಯನ್ನರ ಮಹಾಸಭೆ ಒಂದಾಗಿ ಸೇರಿದ ದಿನವೇ ಭಾರತಕ್ಕೆ ಜನರನ್ನು ಕಳಿಸುವ ತೀರ್ಮಾನವಾಯಿತು. ಜೇಮ್ಸ್ ಗ್ಲಾಸ್ಗೊ ಮತ್ತು ಅಲೆಕ್ಸಾಂಡರ್ ಕೆರ್ 1841ರಲ್ಲಿ ಕಾಠಿಯಾವಾಡಕ್ಕೆ ಬಂದರು. ಕೆರ್ ಅದೇ ವರ್ಷ ತೀರಿಕೊಂಡರು. ಮುಂದೆ ಸೂರತ್, ಅಹಮದಾಬಾದ್, ಬೋರ್ಸದ್ ಎಲ್ಲ ಈ ಮಿಷನ್ನಿನ ಕೇಂದ್ರಗಳಾದವು. ಲಂಡನ್ ಮಿಷನ್ ಗುಜರಾತಿನಿಂದ ಹಿಂದೆ ಸರಿದು ತನ್ನ ಕೆಲಸವನ್ನು ಐರಿಷರ ಕೈಗೊಪ್ಪಿಸಿದ್ದು 1859ರ ಸುಮಾರಿಗೆ.

ಆ 1859 ಐರ್ಲೆಂಡಿನ ಉತ್ತರ ಭಾಗದಲ್ಲಿ ಸಾಮಾನ್ಯ ವರ್ಷವಾಗಿರಲಿಲ್ಲ. ಕೆಲ್ಸ್ ಎಂಬ ಹಳ್ಳಿಯ ಶಾಲೆಯ ಕೋಣೆಯಲ್ಲಿ ನಾಲ್ವರು ಯುವಕರು 1857ರಲ್ಲಿ ಪ್ರಾರ್ಥನೆಗೆ ಕೂಡತೊಡಗಿದ್ದರು. ಎರಡು ವರ್ಷದೊಳಗೆ ಅದು ಅಲ್ಸ್ಟರ್ ಪ್ರಾಂತವನ್ನೆಲ್ಲ ವ್ಯಾಪಿಸಿತು. ಆ ನಾಲ್ವರಲ್ಲಿ ಯಾರೂ ದೊಡ್ಡ ಬೋಧಕರಲ್ಲ. ಸೇರಿದ ಜನರಲ್ಲಿ ಬಹುಪಾಲು ಆ ಸಭೆಗಳಲ್ಲೇ ಹುಟ್ಟಿ ಬೆಳೆದವರು. ಕೂಟಗಳಲ್ಲಿ ಕೆಲವರು ಗಟ್ಟಿಯಾಗಿ ಅತ್ತರು, ಕೆಲವರು ನೆಲಕ್ಕೆ ಬಿದ್ದರು. ಇದು ದೇವರ ಕೆಲಸವೋ ಮನಸ್ಸಿನ ಉದ್ರೇಕವೋ ಎಂದು ಪಾದ್ರಿಗಳೇ ವಾದಕ್ಕಿಳಿದರು. ಆ ವಾದ ಇಂದಿಗೂ ಮುಗಿದಿಲ್ಲ.

ಇನ್ನೊಂದು ಎಳೆ ಬರುವುದು ಪಶ್ಚಿಮ ಘಟ್ಟದಿಂದ. ಕಾರ್ಕಳ ತಾಲ್ಲೂಕಿನ ಮಾಳದ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಊರವರ ವಿರೋಧ ಕಟ್ಟಿಕೊಂಡು, ಗಂಗಾಮೂಲದ ಕಾಡಿನಲ್ಲಿ ಆಶ್ರಮ ಮಾಡಿಕೊಂಡವರು. ಅಲ್ಲಿ 1858ರಲ್ಲಿ ಹುಟ್ಟಿದ ಮಗಳು ರಮಾಬಾಯಿ. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಕಲ್ಕತ್ತೆಯ ವಿದ್ವಾಂಸರಿಂದ ‘ಪಂಡಿತಾ’ ಬಿರುದು ಪಡೆದ ಈಕೆ 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು.

ಕ್ರೈಸ್ತ ಉಜ್ಜೀವನದ ಅರ್ಥ ತಿಳಿಯಬೇಕೆನ್ನುವವರು ಗಮನಿಸಬೇಕಾದದ್ದು ಅದರ ಮುಂದಿನ ಎಂಟು ವರ್ಷ. ರಮಾಬಾಯಿ 1907ರಲ್ಲಿ ಬರೆದ ತಮ್ಮ ಸಾಕ್ಷ್ಯದಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಕ್ರೈಸ್ತ ಧರ್ಮವೇನೋ ಸಿಕ್ಕಿತ್ತು, ಆದರೆ ಕ್ರಿಸ್ತ ಸಿಕ್ಕಿರಲಿಲ್ಲ ಎಂಬುದು ಅವರ ಮಾತಿನ ಸಾರ. 1891ರ ಸುಮಾರಿಗೆ, ಪಾದ್ರಿಯಾಗಿದ್ದೂ ಒಳಗೆ ಏನೂ ಇಲ್ಲದೆ ಕೊನೆಗೆ ಬದಲಾದ ವಿಲಿಯಂ ಹ್ಯಾಸ್ಲಂ ಎಂಬ ಇಂಗ್ಲಿಷರ ಆತ್ಮಕಥೆ ಓದುವಾಗ ಅವರಿಗೆ ತಮ್ಮದೇ ಕೊರತೆ ಕಂಡಿತು. ಅವರು ಮತ ಬದಲಿಸಿದ್ದು 1883ರಲ್ಲಿ. ಅವರಲ್ಲಿ ಉಜ್ಜೀವನವಾದದ್ದು 1891ರಲ್ಲಿ. ಒಂದೇ ಬದುಕಿನಲ್ಲಿ ನಡೆದ ಎರಡು ಬೇರೆ ಸಂಗತಿಗಳು.

ವಿಕ್ರಮ ಸಂವತ್ 1956ರಲ್ಲಿ, ಅಂದರೆ 1899-1900ರಲ್ಲಿ, ಗುಜರಾತಿಗೆ ಬಂದ ಬರವನ್ನು ಅಲ್ಲಿನ ಜನ ಈಗಲೂ ‘ಛಪ್ಪನಿಯೋ’ ಎಂದೇ ನೆನೆಯುತ್ತಾರೆ. ಮಳೆ ಕೈಕೊಟ್ಟಿತು, ದನಕರು ಸತ್ತವು, ಹಿಂದೆಯೇ ಕಾಲರಾ ಬಂತು. ಗುಜರಾತಿನ ಮಿಷನ್ನುಗಳು ಅನಾಥಾಲಯ ತೆರೆದವು. ಪುಣೆಯ ಬಳಿಯ ಕೇಡಗಾಂವಿನಲ್ಲಿ ಮುಕ್ತಿ ಸದನ ನಡೆಸುತ್ತಿದ್ದ ರಮಾಬಾಯಿ ತಮ್ಮವರನ್ನು ಗುಜರಾತಿಗೆ ಕಳಿಸಿ, ಬೀದಿಪಾಲಾದ ನೂರಾರು ಹೆಣ್ಣುಮಕ್ಕಳನ್ನು ಕರೆತರಿಸಿದರು. ಸದನದ ಜನಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಹೋಯಿತು. ಮರಾಠಿ ಹುಡುಗಿಯರ ಜೊತೆ ಗುಜರಾತಿ ಹುಡುಗಿಯರು ಒಂದೇ ಅಂಗಳದಲ್ಲಿ ಬೀಸಿದರು, ನೇಯ್ದರು, ಅಚ್ಚುಮೊಳೆ ಜೋಡಿಸಿದರು.

ಹೊಟ್ಟೆಗಾಗಿ ಬಂದ ಮಕ್ಕಳವರು. ಗುಜರಾತಿನ ಸಭೆಗಳಿಗೂ ಆ ವರ್ಷಗಳಲ್ಲಿ ಸೇರಿದವರಲ್ಲಿ ಹಸಿವಿನಿಂದ ಬಂದವರು ಬಹಳ. ಮಳೆ ಬಂದ ಮೇಲೆ ಹಿಂದಿರುಗಿದವರೂ ಇದ್ದರು. ಹೆಸರು ದಾಖಲೆಯಲ್ಲಿ ಏರಿತ್ತು, ಒಳಗೆ ಏನಾಗಿದೆ ಎಂಬುದು ಯಾರಿಗೂ ತಿಳಿಯದು. ಉಜ್ಜೀವನ ಬೇಕೆಂಬ ಹಂಬಲ ಹುಟ್ಟಿದ್ದು ಇಂಥ ಕಡೆಯಲ್ಲೇ. 1904ರ ಕೊನೆಯಲ್ಲಿ ವೇಲ್ಸಿನ ಗಣಿ ಊರುಗಳಲ್ಲಿ ಇವಾನ್ ರಾಬರ್ಟ್ಸ್ ಎಂಬ ಯುವಕನ ಸುತ್ತ ಎದ್ದ ಅಲೆಯ ಸುದ್ದಿ ಭಾರತಕ್ಕೆ ಬಂತು. 1905ರಲ್ಲಿ ವೆಲ್ಷ್ ಮಿಷನ್ನಿನ ಖಾಸಿ ಬೆಟ್ಟಗಳ ಸಭೆಗಳಲ್ಲೂ ಅದೇ ಆಯಿತು. ರಮಾಬಾಯಿ 1905ರ ಜನವರಿಯಲ್ಲಿ ದಿನವೂ ಪ್ರಾರ್ಥನೆಗೆ ಸೇರಲು ಯಾರು ಬರುತ್ತೀರಿ ಎಂದು ಕೇಳಿದಾಗ ಎದ್ದು ನಿಂತವರು 70 ಮಂದಿ. ಜೂನ್ ಹೊತ್ತಿಗೆ ಅವರು 550 ಆದರು.

ಜೂನ್ 29ರ ನಸುಕಿನ ಮೂರೂವರೆಗೆ ಮಲಗುವ ಕೋಣೆಯಲ್ಲಿ ನಡೆದದ್ದನ್ನು ಅಲ್ಲಿದ್ದ ಮಿನ್ನಿ ಏಬ್ರಮ್ಸ್ ದಾಖಲಿಸಿದ್ದಾರೆ. ಪ್ರಾರ್ಥನೆಯಲ್ಲಿದ್ದ ಯುವತಿಯೊಬ್ಬಳ ಮೈಗೆ ಬೆಂಕಿ ಹೊತ್ತಿಕೊಂಡಂತೆ ಪಕ್ಕದವಳಿಗೆ ಕಂಡಿತು. ಅವಳು ಓಡಿಹೋಗಿ ಬಕೆಟ್ಟಿನಲ್ಲಿ ನೀರು ತಂದು ಇನ್ನೇನು ಸುರಿಯಬೇಕು, ಅಷ್ಟರಲ್ಲಿ ಬೆಂಕಿಯಿಲ್ಲವೆಂದು ತಿಳಿಯಿತು. ಮರುದಿನದಿಂದ ತರಗತಿಗಳು ನಿಂತವು. ಹುಡುಗಿಯರು ಎದೆ ಬಡಿದುಕೊಂಡು ತಪ್ಪುಗಳನ್ನು ಒಪ್ಪಿಕೊಂಡರು, ಗಂಟೆಗಟ್ಟಲೆ ಒಟ್ಟಾಗಿ ಗಟ್ಟಿ ಸ್ವರದಲ್ಲಿ ಪ್ರಾರ್ಥಿಸಿದರು. ಆ ಅಲೆ ಮಹಾರಾಷ್ಟ್ರದ ಬೇರೆ ಊರುಗಳಿಗೂ ಗುಜರಾತಿನ ಮಿಷನ್ ಕೇಂದ್ರಗಳಿಗೂ ಹರಡಿತು. ಬರಗಾಲದ ಅನಾಥ ಮಕ್ಕಳು, ಸಮಾಜ ಕೈಬಿಟ್ಟ ವಿಧವೆಯರು: ಭಾರತದ ಆ ದೊಡ್ಡ ಜಾಗೃತಿಯ ಮುಂಚೂಣಿಯಲ್ಲಿದ್ದವರು ಇವರು. ಬಿಷಪ್ಪರಿಂದ ಕೆಳಕ್ಕೆ ಇಳಿದು ಬಂದದ್ದಲ್ಲ ಅದು, ಮಲಗುವ ಕೋಣೆಯಿಂದ ಹೊರಟದ್ದು.

ಹಾಗಾದರೆ ಉಜ್ಜೀವನವನ್ನು ಮನುಷ್ಯರು ಏರ್ಪಡಿಸಬಹುದೇ? ಅಮೆರಿಕದ ಇಬ್ಬರು ಈ ಪ್ರಶ್ನೆಗೆ ಎರಡು ಉತ್ತರ ಕೊಟ್ಟರು. 1734-35ರಲ್ಲಿ ನಾರ್ತಾಂಪ್ಟನ್ನಿನ ತಮ್ಮ ಸಭೆಯಲ್ಲಿ ಇಂಥದನ್ನು ಕಂಡ ಜೊನಾಥನ್ ಎಡ್ವರ್ಡ್ಸ್‌ಗೆ ಅದು ದೇವರು ಅನಿರೀಕ್ಷಿತವಾಗಿ ಕೊಡುವ ಕೃಪೆ. ಮಳೆಯಂತೆ, ಬಂದಾಗ ಬರುತ್ತದೆ. ನೂರು ವರ್ಷದ ಮೇಲೆ, 1835ರಲ್ಲಿ ಉಪನ್ಯಾಸಗಳನ್ನು ಪ್ರಕಟಿಸಿದ ಚಾರ್ಲ್ಸ್ ಫಿನ್ನಿಗೆ ಅದು ಬೇಸಾಯ. ಸರಿಯಾದ ಸಾಧನ ಬಳಸಿ ಉತ್ತು ಬಿತ್ತಿದರೆ ಬೆಳೆ ಬಂದೇ ಬರುತ್ತದೆ. ಇಂದು ತಾರೀಕು, ಸಮಯ ಹಾಕಿ ಬ್ಯಾನರು ಕಟ್ಟುವ ಪದ್ಧತಿ ಫಿನ್ನಿಯ ಕಡೆಯದು. ಎಡ್ವರ್ಡ್ಸ್ ಮಾತ್ರ ಇನ್ನೊಂದು ಮುಖ್ಯ ಕೆಲಸ ಮಾಡಿದರು. ಅಳು, ನಡುಕ, ಕೂಗು ಉಜ್ಜೀವನಕ್ಕೆ ಸಾಕ್ಷಿಯೂ ಅಲ್ಲ, ಅದರ ವಿರುದ್ಧದ ಸಾಕ್ಷಿಯೂ ಅಲ್ಲ ಎಂದು 1746ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅವರು ಪಟ್ಟಿಮಾಡಿದ ಗುರುತುಗಳಲ್ಲಿ ಕೊನೆಯದೂ ಬಲವಾದದ್ದೂ ಒಂದೇ: ನಡತೆ.

2023ರ ಫೆಬ್ರವರಿ 8ರಂದು ಅಮೆರಿಕದ ಆಸ್ಬರಿ ವಿಶ್ವವಿದ್ಯಾಲಯದಲ್ಲಿ ಬೆಳಗಿನ ಆರಾಧನೆ ಮುಗಿದ ಮೇಲೂ ಕೆಲವು ವಿದ್ಯಾರ್ಥಿಗಳು ಎದ್ದು ಹೋಗಲಿಲ್ಲ. ಅದು ಎರಡು ವಾರಕ್ಕೂ ಹೆಚ್ಚು ಕಾಲ ಮುಂದುವರಿದು ಸಾವಿರಾರು ಜನ ದೇಶದ ಮೂಲೆಮೂಲೆಯಿಂದ ಬಂದರು. ಹೆಸರಾಂತ ಬೋಧಕರಿಗೆ ವೇದಿಕೆ ಬಿಟ್ಟುಕೊಡದೆ, ಕೊನೆಗೆ ಕೂಟವನ್ನು ತಾನೇ ಮುಗಿಸಿ, ವಿಶ್ವವಿದ್ಯಾಲಯ ಎಲ್ಲರನ್ನೂ ಅವರವರ ಊರಿನ ಸಭೆಗಳಿಗೆ ಕಳಿಸಿತು. ಒಳ್ಳೆಯ ತೀರ್ಮಾನವದು. ಎಚ್ಚರವಾದವರಿಗೆ ಕೆಲಸವಿರುವುದು ಅವರ ಮನೆಯಲ್ಲಿ.

ಕಥೋಲಿಕರಲ್ಲಿ ಇದೇ ಹಂಬಲ ಬೇರೆ ರೂಪ ಪಡೆಯಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಮೇಲೆ ಪೂಜೆ ಲ್ಯಾಟಿನ್ನಿನಿಂದ ಜನರ ಭಾಷೆಗೆ ಬಂತು. 1967ರಲ್ಲಿ ಅಮೆರಿಕದಲ್ಲಿ ಶುರುವಾದ ಕ್ಯಾರಿಸ್ಮ್ಯಾಟಿಕ್ ನವೀಕರಣ 1970ರ ದಶಕದಲ್ಲಿ ಮುಂಬೈ ಮೂಲಕ ಭಾರತಕ್ಕೆ ತಲುಪಿತು. ಕರಾವಳಿಯ ಕ್ರೈಸ್ತರು ಕೇರಳದ ಪೋಟ್ಟ, ಮೂಲ್ಕಿಯ ಡಿವೈನ್ ಕಾಲ್ ಸೆಂಟರಿಗೆ ‘ರಿಟ್ರೀಟ್’ಗೆ ಹೋಗುವುದು ಇದರ ಮುಂದುವರಿಕೆ. ಅಹಮದಾಬಾದಿನಲ್ಲಿ ಮಾತ್ರ ಒಬ್ಬ ಜೆಸ್ವಿತ ಗುರು ಸದ್ದಿಲ್ಲದೆ ಇನ್ನೊಂದು ದಾರಿ ಹಿಡಿದರು. ಸ್ಪೇನಿನಲ್ಲಿ 1925ರಲ್ಲಿ ಹುಟ್ಟಿದ ಕಾರ್ಲೋಸ್ ವಾಲೆಸ್ ಸೇಂಟ್ ಝೇವಿಯರ್ಸ್ ಕಾಲೇಜಿನ ಗಣಿತದ ಮೇಷ್ಟ್ರು. ಗುಜರಾತಿಯನ್ನು ಎಷ್ಟು ಒಲಿಸಿಕೊಂಡರೆಂದರೆ ಆ ಭಾಷೆಯ ದೊಡ್ಡ ಗೌರವವಾದ ರಣಜಿತರಾಮ್ ಸುವರ್ಣ ಚಂದ್ರಕ 1978ರಲ್ಲಿ ಅವರಿಗೆ ಸಂದಿತು.

ಕಾಲೇಜಿನ ಕ್ವಾರ್ಟರ್ಸಿನಲ್ಲಿ ನೆಮ್ಮದಿಯಾಗಿ ಇರಬಹುದಾಗಿದ್ದ ವಾಲೆಸ್ ಅದನ್ನು ಬಿಟ್ಟು ಹಳೆಯ ಅಹಮದಾಬಾದಿನ ಪೋಳ್‌ಗಳಿಗೆ ಹೋದರು. ಪೋಳ್ ಎಂದರೆ ಇಕ್ಕಟ್ಟಾದ ಓಣಿ, ಒಂದಕ್ಕೊಂದು ತಾಗಿದ ಮನೆಗಳು, ಒಂದೇ ಹೆಬ್ಬಾಗಿಲು. ಮನೆಯ ಬಾಗಿಲು ತಟ್ಟಿ ಕೆಲವು ದಿನ ನಿಮ್ಮ ಜೊತೆ ಇರಬಹುದೇ ಎಂದು ಕೇಳುವುದು, ಅವರು ಕೊಟ್ಟದ್ದನ್ನು ಉಣ್ಣುವುದು, ಅಲ್ಲೇ ಮಲಗುವುದು, ಬೆಳಿಗ್ಗೆ ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುವುದು. ಹೀಗೆ ಸುಮಾರು ಹತ್ತು ವರ್ಷ. ಹಿಂದೂ, ಜೈನ ಮನೆಗಳಲ್ಲಿ ಅವರು ಯಾರನ್ನೂ ಕ್ರೈಸ್ತರನ್ನಾಗಿಸಲು ಹೊರಟಿರಲಿಲ್ಲ. ಬದಲಾಗಬೇಕಿದ್ದವರು ತಾವು ಎಂದು ಅವರು ತಿಳಿದಿದ್ದರು. 2020ರಲ್ಲಿ ಅವರು ತೀರಿಕೊಂಡಾಗ ಗುಜರಾತು ತನ್ನ ಮನೆಯವರನ್ನು ಕಳೆದುಕೊಂಡಂತೆ ನೊಂದಿತು. ಮರುವರ್ಷ ಮರಣೋತ್ತರ ಪದ್ಮಶ್ರೀ ಬಂತು.

ಬದಲಾಗಬೇಕಾದದ್ದು ಸಮುದಾಯವೋ ಮನಸ್ಸೋ ಎಂಬ ಗಂಟನ್ನು ಬಿಚ್ಚಲು ಗುಜರಾತಿನ ಕ್ರೈಸ್ತ ಚಿಂತಕರಲ್ಲಿಬ್ಬರು ಜೀವಮಾನ ಕಳೆದರು. ರಾಜಕೋಟದ ಜೈನ ಕುಟುಂಬದ ಮಣಿಲಾಲ್ ಪಾರೇಖ್ 1918ರಲ್ಲಿ ದೀಕ್ಷಾಸ್ನಾನ ಪಡೆದವರು. ಆದರೆ ಕ್ರಿಸ್ತನ ಶಿಷ್ಯನಾಗುವುದೆಂದರೆ ಒಂದು ಸಮುದಾಯದಿಂದ ಕಿತ್ತು ಇನ್ನೊಂದಕ್ಕೆ ನೆಡುವುದು ಎಂಬುದನ್ನು ಅವರು ಒಪ್ಪಲೇ ಇಲ್ಲ. ತಲೆ ಎಣಿಸುವ ಮಿಷನ್ನುಗಳನ್ನು ಕಟುವಾಗಿ ಟೀಕಿಸಿದರು, ಸ್ವಾಮಿನಾರಾಯಣರ ಮೇಲೂ ಗೌರವದಿಂದ ಗ್ರಂಥ ಬರೆದರು. 1895ರಲ್ಲಿ ವಡೋದರದಲ್ಲಿ ಹುಟ್ಟಿದ ಧನಜೀಭಾಯಿ ಫಕೀರಭಾಯಿ ಸಭೆಯೊಳಗೇ ಉಳಿದರು. ಗೀತೆ, ಉಪನಿಷತ್ತುಗಳ ಮಾತಿನ ಧಾಟಿಯಲ್ಲಿ ಕ್ರೈಸ್ತ ಧ್ಯಾನವನ್ನು ಬರೆದ ಅವರ ‘ಹೃದಯಗೀತಾ’, ‘ಖ್ರಿಸ್ತೋಪನಿಷದ್’, ‘ಪ್ರೇಮತತ್ತ್ವ’ ಗುಜರಾತಿಯ ಸೊತ್ತು. ಇಬ್ಬರೂ 1967ರಲ್ಲಿ ತೀರಿಕೊಂಡರು. ಒಬ್ಬರು ಹೊಸಿಲಲ್ಲಿ ನಿಂತು, ಒಬ್ಬರು ನಡುಮನೆಯಲ್ಲಿ ಕೂತು ಹೇಳಿದ್ದು ಒಂದೇ: ಬದಲಾವಣೆ ಒಳಗಿನದು.

ಒಳಗಿನಿಂದ ಬದಲಾಗುವ ಈ ಗುಣ ಗುಜರಾತಿನ ನೆಲದಲ್ಲಿ ಕ್ರೈಸ್ತರಿಗೆ ಮಾತ್ರ ಸೇರಿದ್ದಲ್ಲ. 1825ರ ಮಾರ್ಚಿನಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ರೆಜಿನಾಲ್ಡ್ ಹೀಬರ್ ಗುಜರಾತಿನಲ್ಲಿ ಸಂಚರಿಸುವಾಗ ಸ್ವಾಮಿನಾರಾಯಣರೆಂದೇ ಹೆಸರಾದ ಸಹಜಾನಂದ ಸ್ವಾಮಿಯವರನ್ನು ಭೇಟಿಯಾದರು. ಕಳ್ಳತನ, ಕುಡಿತ ಬಿಡಿಸಿ ಹಳ್ಳಿಗಳನ್ನು ತಿದ್ದುತ್ತಿದ್ದ ಸ್ವಾಮಿಯವರ ಹೆಸರು ಬಿಷಪ್ಪರ ಕಿವಿಗೂ ಬಿದ್ದಿತ್ತು. 1922ರ ಕೊನೆಯಲ್ಲಿ ಸೂರತ್ ಜಿಲ್ಲೆಯ ಆದಿವಾಸಿ ಹಳ್ಳಿಗಳಲ್ಲಿ ‘ದೇವಿ’ ಮೈದುಂಬಿ ನುಡಿದಳೆಂದು ಸಾವಿರಾರು ಜನ ಹೆಂಡ ಬಿಟ್ಟರು, ದಿನವೂ ಸ್ನಾನ ಮಾಡತೊಡಗಿದರು, ಹೆಂಡದಂಗಡಿಯ ಮಾಲೀಕರ ಕೆಲಸಕ್ಕೆ ಹೋಗಲು ನಿರಾಕರಿಸಿದರು. ಇತಿಹಾಸಕಾರ ಡೇವಿಡ್ ಹಾರ್ಡಿಮನ್ ಇದರ ಮೇಲೊಂದು ಗ್ರಂಥವನ್ನೇ ಬರೆದಿದ್ದಾರೆ. ಕ್ರೈಸ್ತರ ನಂಬಿಕೆಯ ಪ್ರಕಾರ ಉಜ್ಜೀವನ ಪವಿತ್ರಾತ್ಮನ ಕೆಲಸ. ಆದರೆ ಒಂದು ಹಳ್ಳಿ ತನ್ನ ಬದುಕಿನ ಕೊಳೆ ಕಂಡು ನಾಚಿ ಎದ್ದು ನಿಂತಾಗ ಅದನ್ನು ಗೌರವಿಸುವುದಕ್ಕೆ ಯಾವ ಸಭೆಯ ಅಡ್ಡಿಯೂ ಇರಬೇಕಿಲ್ಲ.

ಕನ್ನಡಿಗರೂ ಗುಜರಾತಿಗರೂ ಹಂಚಿಕೊಂಡ ಒಂದು ಹಾಡು ಇದಕ್ಕೆ ಸಾಕ್ಷಿ. 1833ರಲ್ಲಿ ಸಿಸಿಲಿಯಲ್ಲಿ ಜ್ವರದಿಂದ ಸಾಯುವಂತಾಗಿ ಚೇತರಿಸಿಕೊಂಡ ಜಾನ್ ಹೆನ್ರಿ ನ್ಯೂಮನ್ ಊರಿಗೆ ಮರಳುವ ಹಡಗಿನಲ್ಲಿ ಬೆಳಕನ್ನು ಕರೆದು ಪ್ರಾರ್ಥಿಸುವ ಪದ್ಯ ಬರೆದರು. ಆ ವರ್ಷವೇ ಇಂಗ್ಲೆಂಡಿನ ಚರ್ಚಿನೊಳಗೆ ಅವರು ಮುಂದಾಗಿ ನಡೆಸಿದ ಆಕ್ಸ್‌ಫರ್ಡ್ ಚಳವಳಿಯೂ ಒಂದು ಬಗೆಯ ಉಜ್ಜೀವನವೇ. ಆ ಪದ್ಯವನ್ನು ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯ. ಗುಜರಾತಿಗೆ ತಂದವರು ನರಸಿಂಹರಾವ್ ದಿವೇಟಿಯಾ. ಗಾಂಧೀಜಿಗೆ ಅದು ಅಚ್ಚುಮೆಚ್ಚು. ಅಹಮದಾಬಾದಿನ ಜೆಸ್ವಿತರ ಪ್ರಧಾನ ನಿವಾಸಕ್ಕೆ ‘ಪ್ರೇಮಳ ಜ್ಯೋತಿ’ ಎಂಬ ಹೆಸರು ಬಂದಿರುವುದು ಆ ಅನುವಾದದಿಂದ. ಕ್ರೈಸ್ತರಲ್ಲದ ಲಕ್ಷಾಂತರ ಜನ ಅದನ್ನು ಕಣ್ಣುಮುಚ್ಚಿ ಹಾಡಿದ್ದಾರೆ. ಯಾರ ಮತವೂ ಬದಲಾಗಲಿಲ್ಲ, ಹಾಡಿದಷ್ಟು ಹೊತ್ತು ಮನಸ್ಸು ಬದಲಾಯಿತು.

2011ರ ಜನಗಣತಿಯಲ್ಲಿ ಗುಜರಾತಿನ ಕ್ರೈಸ್ತರು 3,16,178, ನೂರಕ್ಕೆ 0.52. ಇಷ್ಟು ಸಣ್ಣ ಸಮುದಾಯದ ಪ್ರಾರ್ಥನಾ ಕೂಟಗಳ ಮೇಲೆ ಅನುಮಾನದ ಕಣ್ಣು ಬಿದ್ದು ಬಹಳ ಕಾಲವಾಯಿತು. 1998ರ ಕ್ರಿಸ್‌ಮಸ್ ದಿನಗಳಲ್ಲಿ ಡಾಂಗ್ ಜಿಲ್ಲೆಯಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾಯಿತು. ಮರುತಿಂಗಳು ಅಲ್ಲಿಗೆ ಹೋದ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಮತಾಂತರದ ಬಗ್ಗೆ ರಾಷ್ಟ್ರೀಯ ಚರ್ಚೆಯಾಗಲಿ ಎಂದರು. 2003ರಲ್ಲಿ ಗುಜರಾತ್ ಧಾರ್ಮಿಕ ಸ್ವಾತಂತ್ರ್ಯ ಕಾಯ್ದೆ ಬಂತು, 2021ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಕರ್ನಾಟಕವೂ 2022ರಲ್ಲಿ ಇಂಥದೇ ಕಾಯ್ದೆ ಕಂಡಿದೆ. ಮತಾಂತರ, ಮಾನಸಾಂತರ: ಕಿವಿಗೆ ಹತ್ತಿರ, ಅರ್ಥಕ್ಕೆ ದೂರ. ಕಾನೂನು ಮಾತಾಡುವುದು ಮೊದಲನೆಯದರ ಬಗ್ಗೆ. ಉಜ್ಜೀವನ ಎರಡನೆಯದರ ಮಾತು. ಒಂದು ಸಭೆಯವರು ತಮ್ಮದೇ ತಪ್ಪಿಗೆ ಅಳುವುದನ್ನು ಕಂಡು ನೆರೆಯವರು ಹೆದರಬೇಕಾದದ್ದೇನೂ ಇಲ್ಲ.

ಸಭೆಗಳೂ ಆ ನಂಬಿಕೆ ಗಳಿಸಿಕೊಳ್ಳಬೇಕು. ಎಷ್ಟು ಜನ ಸೇರಿದರು, ಎಷ್ಟು ಕೈಗಳು ಎದ್ದವು, ಯೂಟ್ಯೂಬಿನಲ್ಲಿ ಎಷ್ಟು ಮಂದಿ ನೋಡಿದರು ಎಂದು ಲೆಕ್ಕ ಕೊಡುವ ಕೂಟಗಳು ತಮ್ಮ ಹೆಸರಿಗೇ ಅನ್ಯಾಯ ಮಾಡುತ್ತವೆ. ಗುಜರಾತಿನ ಕ್ರೈಸ್ತರಲ್ಲಿ ಬಹಳ ಮಂದಿ ನೇಕಾರ ವಣಕರ್ ಸಮುದಾಯದಿಂದ ಬಂದವರು. ದಕ್ಷಿಣದ ವ್ಯಾರಾ, ಸೋನಗಢದ ಕಡೆ ಗಾಮಿತ್, ಚೌಧರಿ ಆದಿವಾಸಿಗಳು. ದೀಕ್ಷಾಸ್ನಾನವಾದ ಮೇಲೂ ಹಳೆಯ ಜಾತಿಯ ಮೇಲು ಕೀಳು ಮದುವೆಯ ಮಾತುಕತೆಯಲ್ಲಿ ಉಳಿದದ್ದಿದೆ. ಕರ್ನಾಟಕದ ಸಭೆಗಳೂ ಇದರಿಂದ ಹೊರತಲ್ಲ. ಚರ್ಚಿನ ಜಾಗ, ಟ್ರಸ್ಟು, ಪದವಿಗಾಗಿ ಸಹವಿಶ್ವಾಸಿಗಳೇ ಕೋರ್ಟಿನಲ್ಲಿ ಎದುರು ಬದುರು ನಿಂತ ಪ್ರಕರಣಗಳು ಎರಡೂ ರಾಜ್ಯಗಳಲ್ಲಿವೆ. ಉಜ್ಜೀವನ ಬಂದರೆ ಮೊದಲು ತಟ್ಟಬೇಕಾದ ಬಾಗಿಲುಗಳು ಇವು. ವೇಲ್ಸಿನಲ್ಲಿ 1904ರಲ್ಲಿ ಜನ ಹಳೆಯ ಸಾಲ ತೀರಿಸಿದರು, ಹೆಂಡದಂಗಡಿಗಳು ಬಿಕೋ ಎಂದವು. ಕೇಡಗಾಂವಿನಲ್ಲಿ 1905ರ ಮೇಲೆ ರಮಾಬಾಯಿಯವರು ಹಿಬ್ರೂ, ಗ್ರೀಕ್ ಮೂಲ ಹಿಡಿದು ಇಡೀ ಬೈಬಲನ್ನು ಮನೆಮಾತಿನ ಮರಾಠಿಗೆ ತರುವ ದುಡಿಮೆಯಲ್ಲಿ ಮುಳುಗಿದರು, 1922ರಲ್ಲಿ ತೀರಿಕೊಳ್ಳುವ ತನಕ ಅದನ್ನು ಬಿಡಲಿಲ್ಲ. ನಡುವೆ ಗುಲಬರ್ಗಾದಲ್ಲೊಂದು ಶಾಲೆಯನ್ನೂ ತೆರೆದರು.

ಆದ್ದರಿಂದ ಸಭಾಪಾಲಕರಲ್ಲಿ ಒಂದು ವಿನಂತಿ. ಮುಂದಿನ ಉಜ್ಜೀವನ ಕೂಟದ ಕೊನೆಯ ಸಂಜೆ ಕೈ ಎತ್ತಿದವರನ್ನು ಎಣಿಸುವುದು ಬೇಡ. ಒಂದು ತಿಂಗಳು ಬಿಟ್ಟು ಸಭೆಯನ್ನು ಮತ್ತೆ ಕೂಡಿಸಿ, ಯಾವ ಸಾಲ ತೀರಿತು, ಯಾವ ಅಣ್ಣತಮ್ಮಂದಿರು ಮಾತಾಡಿದರು, ಯಾವ ಮೊಕದ್ದಮೆ ವಾಪಸಾಯಿತು ಎಂದು ಕೇಳಿ. ಹೊರಗೆ ನಿಂತು ಅನುಮಾನ ಪಡುವ ನೆರೆಯವರಲ್ಲೂ ಒಂದು ವಿನಂತಿ. ಅಹಮದಾಬಾದಾಗಲಿ ಬಳ್ಳಾರಿಯಾಗಲಿ, ಭಾನುವಾರ ಬೆಳಿಗ್ಗೆ ಚರ್ಚಿನ ಬಾಗಿಲು ತೆರೆದಿರುತ್ತದೆ. ಒಂದು ಸಲ ಹಿಂದಿನ ಬೆಂಚಿನಲ್ಲಿ ಕೂತು ಅವರು ಏನು ಕೇಳಿಕೊಳ್ಳುತ್ತಾರೆ ಎಂಬುದನ್ನು ಕಿವಿಯಾರೆ ಕೇಳಿ.